ಆಡಿನ ಪಾಲಿಗೆ ಹೋದ ತಪ್ಪಲ

ಖಾನಾವಳಿ ಇಟ್ಟವ ಸಿಟ್ಟು ಹುಡುಕಿಕೊಂಡು ಎಲ್ಲಿಗೂ ಹೋಗೂದು ಬ್ಯಾಡ. ಮಧ್ಯಾಹ್ನ ಊಟದ ಹೊತ್ತಿಗೆ ಅದು ತಾನಾಗಿ ಚಪ್ಪಲಿ ಬಿಟ್ಟು ಒಳಗ ಬಂದು ಕುಂಡರತೈತಿ. ಯಲಬುರ್ಗಾದಾಗ ಬಸ್‌ಸ್ಟ್ಯಾಂಡಿನ ಹಿಂದ ನಂದು ರೊಟ್ಟಿ ಖಾನಾವಳಿ. ಇಪ್ಪತ್ತೆರಡು ವರ್ಷ ಆತು. ನಾ ಓದಿದ್ದು ನಾಕನೇತ್ತ ತನಕ. ಬರಿಯೂದು ನಿಧಾನ. ಆದರೂ ಬರೀತೀನಿ. ಬಾಯಿಲೆ ಹೇಳಾಕ ಹೋದರ ಸಿಟ್ಟು ಬಂದು ಅರ್ಧಕ್ಕ ನಿಲ್ಲಸ್ತೀನಿ.

ಅಡಿಗಿ ನನ್ನ ಹೆಂಡತಿದು. ಬಡಸೂದು ನಂದು. ಆಕಿದೊಂದು ಕಟ್ಟಪ್ಪಣೆ ಇತ್ತು. ಯಾರರೆ ಬರಲಿ, ತಾಟಿನ ಅಂಚಿಗೆ ಹಸಿ ತಪ್ಪಲ ಬೀಳಬೇಕು. ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಎರಡು ಹೋಳು ಮೂಲಂಗಿ. ಕೇಳಿದವರಿಗೂ, ಕೇಳದವರಿಗೂ. ಬಿಟ್ಟು ಎದ್ದವರನ್ನ ಒಲಿ ಮುಂದ ಕುಂತಲ್ಲೇ ಬೈತಿದ್ದಳು. ಆಕಿ ಈಗ ಇಲ್ಲ. ಆಕಿ ಹೋದ ಮ್ಯಾಲೆ ಆ ತಪ್ಪಲ ಇಡೂದನ್ನ ನಾ ನಿಲ್ಲಿಸಿದೆ. ಅದರ ಹಿಂದ ಮುಂದ ನಡೆದದ್ದು ಇದು.

೧. ಬುತ್ತಿ

ಆಕಿ ಇದ್ದಾಗಿನ ಮಾತು. ಕೊಪ್ಪಳದಾಗ ಖಾನಾವಳಿಯವರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಬರಾಕಬೇಕು ಅಂದರು. ಹೋದೆ. ಆಹಾರದ ಬಗ್ಗೆ ಓದಿದ ಮೇಡಂ ಒಬ್ಬರು ಎರಡು ತಾಸು ಮಾತಾಡಿದರು. ಛಲೋ ಮಾತಾಡಿದರು, ಸುಳ್ಳು ಯಾಕ ಹೇಳಲಿ.

ಗಿಡದಾಗ ಫ್ಲೇವನಾಯ್ಡ್ ಅಂತ ಒಂದು ಪದಾರ್ಥ ಇರತೈತಂತ. ಬಿಸಲಿಗೆ, ಹುಳಕ್ಕ ತಡಕೊಳ್ಳಾಕ ಗಿಡ ತನಗಂತ ಮಾಡಿಕೊಂಡದ್ದು ಅದು. ಉಳ್ಳಾಗಡ್ಡಿಯಾಗ, ತಪ್ಪಲದಾಗ, ಚಾದಾಗ, ಹಣ್ಣಿನ ಸಿಪ್ಪಿಯಾಗ ಇರತೈತಿ. ಪುಂಡಿ ದಂಟಿನ ಕೆಂಪು, ನೇರಳೆ ಹಣ್ಣಿನ ಬಣ್ಣ ಅದರದ್ದ. ಉಳ್ಳಾಗಡ್ಡಿ ಸುಲಿಯೂವಾಗ ಮ್ಯಾಲಿನ ಪದರ ಭಾಳ ತಗೀಬ್ಯಾಡ್ರಿ, ಅಲ್ಲೇ ಹೆಚ್ಚಿರತೈತಿ ಅಂದರು. ತಪ್ಪಲ ಕುದಿಸಿ ನೀರು ಚೆಲ್ಲಿದರ ಆ ನೀರಿನ ಕೂಡ ಅದೂ ಹೋಗತೈತಿ ಅಂದರು. ದಿನಾ ತಿಂದವರ ಎದಿಗೆ, ರಕ್ತದ ನಾಳಕ್ಕ ಛಲೋ ಅಂತಾರ, ಆದರ ಇದು ಔಷಧ ಅಲ್ಲ, ಊಟ ಅಂತ ಎರಡೆರಡು ಸಲ ಹೇಳಿದರು.

ಆಮ್ಯಾಲೆ ಊಟದ ಡಬ್ಬಿ ಹಂಚಿದರು. ಬಿಚ್ಚಿದೆ. ಬಿಳಿ ಅನ್ನ, ಮೈದಾ ಪೂರಿ, ಬಟಾಟಿ ಪಲ್ಲೆ, ಒಂದು ಜಿಲೇಬಿ. ತಪ್ಪಲದ ಒಂದು ಎಸಳು ಇಲ್ಲ. ಎರಡು ತಾಸು ಇವರು ಹೇಳಿದ್ದಾದರೂ ಏನು ಅಂತ ಮೈ ಉರೀತು. ವ್ಯವಸ್ಥಾ ನೋಡಾವನ್ನ ಹಿಡಿದು ಕೇಳಿದೆ. ತಪ್ಪಲ ಇಟ್ಟರ ಮಂದಿ ಬಿಡತಾರ್ರಿ, ಸುಮ್ನ ಹಾಳು ಅಂದ. ಆ ಸಭಾದಾಗ ಹಸರು ಅನ್ನೂದು ಇದ್ದದ್ದು ವೇದಿಕಿ ಮ್ಯಾಲಿನ ಹೂಗುಚ್ಛದಾಗ ಅಷ್ಟ. ಅದೂ ಪ್ಲಾಸ್ಟಿಕ್ಕಿಂದು.

ಕೈ ತೊಳಿಯಾಕ ಹಿಂದಿನ ಖೋಲಿ ಕಡೆ ಹೋದೆ. ಮೇಡಂ ಬಾಗಲಾ ಅರ್ಧ ಹಾಕ್ಕೊಂಡು ಮನಿಯಿಂದ ತಂದ ಬುತ್ತಿ ಬಿಚ್ಚಿದ್ದರು. ರೊಟ್ಟಿ, ಹಸಿ ಹಕ್ಕರಕಿ. ನನ್ನ ನೋಡಿ ಗಪ್ಪನ ಮುಚ್ಚಿದರು.

"ಯಾರಿಗೂ ಹೇಳಬ್ಯಾಡ್ರಿ," ಅಂದರು. "ಒಬ್ಬಾಕಿಗೆ ಆಗೂವಷ್ಟ ಐತಿ."

೨. ಗುಳಿಗಿ

ಮನಿಗೆ ಬಂದು ಹೆಂಡತಿಗೆ ಎಲ್ಲಾ ಹೇಳಿದೆ. ಆಕಿ ರೊಟ್ಟಿ ಬಡಿಯೂದು ನಿಲ್ಲಸಲಿಲ್ಲ. ನಮ್ಮವ್ವ ಹೆಸರು ಗೊತ್ತಿಲ್ಲದ ತಿನ್ನಸಿದ್ಲು, ಇವರು ಹೆಸರು ಕಲತು ತಿನ್ನೂದು ಬಿಟ್ಟಾರ, ಅಂದಳು. ಅಷ್ಟ.

ಆ ಹೆಸರು ಮತ್ತ ಕಿವಿಗೆ ಬಿದ್ದದ್ದು ಒಬ್ಬ ಗುಮಾಸ್ತರಿಂದ. ಊರಾಗಿನ ಕಚೇರಿಯವರು, ದಿನದ ಗಿರಾಕಿ. ಮೂರು ರೊಟ್ಟಿ ಉಣ್ಣತಿದ್ದರು. ತಪ್ಪಲ ಮಾತ್ರ ಎಡಗೈ ಬೆರಳಿಲೆ ತಾಟಿನ ಆಚೆ ತಳ್ಳತಿದ್ದರು, ಹುಳ ಸರಿಸಿದಂಗ. ಊಟ ಆದ ಮ್ಯಾಲೆ ಕಿಸೆದಿಂದ ಡಬ್ಬಿ ತಗದು ಒಂದು ಹಸರು ಗುಳಿಗಿ ನುಂಗತಿದ್ದರು. ಏನ್ರಿ ಸಾಹೇಬ್ರ ಅದು ಅಂದೆ. ಫ್ಲೇವನಾಯ್ಡ್, ತಪ್ಪಲದ ಸತ್ವ ತಗದು ಮಾಡಿರತಾರ, ನಿನಗ ತಿಳಿಯೂದಿಲ್ಲ ಅಂದರು.

ತಾಟಿನ್ಯಾಗ ತಪ್ಪಲ. ಬಾಯಾಗ ತಪ್ಪಲದ ಗುಳಿಗಿ. ನನಗ ತಿಳಿಯೂದಿಲ್ಲ. ಹಲ್ಲು ಕಡದೆ. ಹೆಂಡತಿ ಒಲಿ ಮುಂದಿಂದ ಕೇಳಿದಳು.

"ಸಾಹೇಬ್ರ, ಆ ತಪ್ಪಲ ಯಾರಿಗೆ ಬಿಟ್ರಿ, ಬೀಗರಿಗೇನು?"

ಗುಮಾಸ್ತರು ನಕ್ಕು ಎದ್ದರು. ಮರುದಿನ ಮತ್ತ ಬಂದರು, ಮತ್ತ ಬಿಟ್ಟರು, ಮತ್ತ ಬೈಸಿಕೊಂಡರು. ಇದು ವರ್ಷಗಟ್ಟಲೆ ನಡೀತು.

ಹಿತ್ತಲದಾಗ ನಮ್ಮದೊಂದು ಆಡು. ಬಿಟ್ಟದ್ದೆಲ್ಲ ಅದಕ್ಕ. ಆಡು ಅವಳಿ ಮರಿ ಹಾಕಿತು. ಅವತ್ತಿಂದ ನನ್ನ ಚಾಕ್ಕ ಆಡಿನ ಹಾಲು ಬಂತು. ಗಿರಾಕಿಗೆಲ್ಲ ಎಮ್ಮಿ ಹಾಲಿನ ಚಾ, ನನಗೊಬ್ಬಗ ಆಡಿಂದು. ವಾಸನಿ ಹೊಡಿತೈತಿ ಅಂದರ, ಸುಮ್ನ ಕುಡೀರಿ ಅಂತಿದ್ದಳು. ಕುಡೀತಿದ್ದೆ.

ಆಡಿನ ಮೈ ಎಣ್ಣಿ ಹಚ್ಚಿದಂಗ ಮಿಂಚತಿತ್ತು. ಗುಮಾಸ್ತರು ದಿನಕ್ಕ ಒಂದಿದ್ದ ಗುಳಿಗಿ ಎರಡು ಮಾಡಿಕೊಂಡಿದ್ದರು.

೩. ಹಗ್ಗ

ಹೋದ ವರ್ಷ ಮಳಿಗಾಲ ಹಿಡಿಯೂ ಮುಂದ ಹೆಂಡತಿ ಹೋದಳು. ಮುಂಜಾನೆ ಹಿಟ್ಟು ನಾದತಿದ್ದಳು. ಎದಿ ಹಿಡಕೊಂಡು ಕುಂತಳು. ಗಾಡಿ ಬರೂದ್ರಾಗ ಮುಗೀತು. ಹಿಟ್ಟು ಪರಾತದಾಗ ಹಂಗ ಇತ್ತು.

ಆಕಿ ದಿನದ ಕಾರ್ಯಕ್ಕ ಅಂತ ಅಳವಂಡಿಯಿಂದ ಬೀಗರೊಬ್ಬರು ಬಂದಿದ್ದರು. ದಿನಾ ತಪ್ಪಲದಾಗ ಕೈ ಇದ್ದ ಹೆಣ್ಮಗಳು, ಎದಿ ಹೆಂಗ ನಿಂತಿತೋ ಮಾರಾಯಾ ಅಂದರು. ಅಂದವರು ಅವರು. ಸಿಟ್ಟು ಬಂದದ್ದು ತಪ್ಪಲದ ಮ್ಯಾಲೆ. ಊರಿಗೆಲ್ಲ ತಿನ್ನಿಸಿದಳು. ಆಕಿಗೆ ಅದು ಏನು ಮಾಡಿತು? ಇನ್ನ ನನ್ನ ಖಾನಾವಳ್ಯಾಗ ಹಸಿ ತಪ್ಪಲ ಇಡೂದಿಲ್ಲ ಅಂದೆ. ಬೇಯಿಸಿದ ಪಲ್ಲೆ ಇರಲಿ, ಹಸೀದು ಬಂದ್. ಎಲ್ಲಾರ ಮುಂದ ಅಂದೆ.

ಖಾನಾವಳಿ ಮತ್ತ ತೆರೆದ ದಿನ ಕಾಯಿಪಲ್ಲೆ ಮಾರೂ ಮುದುಕಿ ಬುಟ್ಟಿ ಹೊತಗೊಂಡು ಬಂದಳು. ಆಕಿ ನನ್ನ ಹೆಂಡತಿ ಗೆಳತಿ. ಮುಂಜಾನೆ ಇಬ್ಬರೂ ಹಿತ್ತಲ ಕಟ್ಟಿ ಮ್ಯಾಲೆ ಕುಂತು ತಪ್ಪಲ ಆರಿಸಿಕೋತ ಮಾತಾಡತಿದ್ದರು. ನಾಳಿಂದ ತರಬ್ಯಾಡ ಯವ್ವಾ ಅಂದೆ. ಮುದುಕಿ ಎರಡು ಕಟ್ಟು ಹಕ್ಕರಕಿ ಹೊಸ್ತಲ ಮ್ಯಾಲೆ ಇಟ್ಟಳು.

"ನನಗ ತಾ ಅಂದಾಕಿ ಆಕಿ," ಅಂದಳು. "ಆಕಿ ಬಂದು ಬ್ಯಾಡ ಅನ್ಲಿ, ಬಿಡತೀನಿ."

ದಿನಾ ಬೈದೆ. ದಿನಾ ಇಟ್ಟು ಹೋದಳು. ಎತ್ತಿ ಬೀದಿಗೆ ಒಗೀಬೇಕು ಅಂತ ಎತ್ತತಿದ್ದೆ. ಒಗಿಯಾಕ ಕೈ ಬರತಿದ್ದಿಲ್ಲ. ಹಿತ್ತಲಕ್ಕ ಒಯ್ತಿದ್ದೆ. ಹಿಂಗ ಎರಡು ತಿಂಗಳಾತು. ನಾ ಸೊರಗಿ ಅಂಗಿ ಸಡ್ಲ ಆತು. ಆಡಿನ ಕೊರಳಿಗೆ ಹಗ್ಗ ಸಾಲದಾತು.

೪. ಕೆಂಪು

ಅಡಿಗಿಗೆ ಗಂಗಾವತಿ ಕಡೆಯ ಒಬ್ಬನ್ನ ಇಟಗೊಂಡೆ. ಭತ್ತದ ನಾಡಿನಾಂವ, ಅನ್ನ ಛಲೋ ಮಾಡತಿದ್ದ. ಪಲ್ಲೆ ಮಾತ್ರ ಕೊಲ್ಲತಿದ್ದ. ಪುಂಡಿ ಹುಳಿ ಕಡಿಮಿ ಆಗಲಿ ಅಂತ ಒಂದು ಸಲ ಬಸಿಯೂದು ಖರೆ. ಇವ ಎರಡು ಸಲ ಕುದಿಸಿ, ಅರಬಿ ಹಿಂಡಿದಂಗ ಹಿಂಡಿ, ಆ ಕೆಂಪು ನೀರೆಲ್ಲ ಗಟಾರಕ್ಕ ಚೆಲ್ಲತಿದ್ದ. ಉಳ್ಳಾಗಡ್ಡಿ ಸುಲಿಯಾಕ ಕುಂತರ ಕೈಯಾಗ ಲಿಂಬಿಕಾಯಿಯಷ್ಟು ಉಳೀತಿತ್ತು.

ಒಂದು ದಿನ ತಡಿಯಾಕ ಆಗಲಿಲ್ಲ. ಮೇಡಂ ಹೇಳಿದ್ದೆಲ್ಲ ಅವನ ಮ್ಯಾಲೆ ಒಗದೆ. ಸತ್ವ ಇರೂದು ಆ ಬಣ್ಣದಾಗ, ಬಣ್ಣ ಹೋತು ಅಂದ್ರ ಎಲ್ಲಾ ಹೋತು, ನಾಳಿಗೆ ಪಲ್ಲೆ ಕೆಂಪಗ ಇರಲಿಲ್ಲ ಅಂದ್ರ ನಿನ್ನ ಗಂಗಾವತಿ ಬಸ್ಸಿಗೆ ಹತ್ತಸತೀನಿ ಅಂದೆ. ಹೂಂ ಅಂದ.

ಮರುದಿನ ಪುಂಡಿಪಲ್ಲೆ ಕೆಂಪಗ ಇತ್ತು. ಕುಂಕುಮ ಕಲಸಿದಂಗ ಇತ್ತು. ಉಂಡವರ ಬೆರಳು ಕೆಂಪು, ಹಲ್ಲು ಕೆಂಪು, ಗುಮಾಸ್ತರ ಬಿಳಿ ಅಂಗಿ ತೋಳು ಕೆಂಪು. ಅಡಿಗಿ ಮನಿಗೆ ಹೋಗಿ ನೋಡಿದರ ಒಲಿ ಬಾಜೂಕ ಮಿಠಾಯಿಗೆ ಹಾಕೂ ಬಣ್ಣದ ಡಬ್ಬಿ. ತಳ ಕಾಣತಿತ್ತು. ಬೈಯಾಕ ಬಾಯಿ ತಗದೆ. ಅವ ಮೊದಲ ಕೇಳಿದ.

"ಕಡಿಮಿ ಬಿತ್ತೇನ್ರಿ ಮಾಲಕ್ರ?"

೫. ಎರಡು ಚಮಚಾ

ಕುಷ್ಟಗಿ ಕಡೆಯಿಂದ ಒಬ್ಬ ಬಂದ. ಕೊರಳಾಗ ಟೈ, ಬಗಲಾಗ ಚೀಲ. ದಾಳಿಂಬ್ರಿ ಸಿಪ್ಪಿ ಒಣಗಿಸಿ ಕುಟ್ಟಿದ ಪುಡಿ, ತುಂಬ ಫ್ಲೇವನಾಯ್ಡ್ ಐತಿ ಅಂದ. ಇರಬಹುದು. ಸಿಪ್ಪಿಯಾಗ ಇರತೈತಿ ಅಂತ ಮೇಡಂನೂ ಹೇಳಿದ್ದರು. ಆದರ ಇವ ಮಂಡಿ ನೋವಿಗೂ ಅದ, ಸಕ್ಕರಿ ಬ್ಯಾನಿಗೂ ಅದ, ಕೂದಲಕ್ಕೂ ಅದ ಅಂದ. ಚೀಟಿ ಹಿಡಕೊಂಡು ಓದತಿದ್ದ. ತಲಿ ಎತ್ತತಿದ್ದಿಲ್ಲ. ಕಡೀಕ ಎದಿಗೂ ಅದ ಅಂದ.

ಎದಿ ಅಂದಕೂಡಲೆ ನನಗ ನೆತ್ತಿಗೇರಿತು.

"ನನ್ನ ಹೆಂಡ್ತಿಗೆ ಎದಿ ನಿಂತೈತಿ. ನಡೀತೈತೇನು?"

"ನಡೀತೈತ್ರಿ. ಎಷ್ಟು ದಿನಾ ಆತು?"

"ನಾಕು ತಿಂಗಳು."

ಚೀಟಿ ಮ್ಯಾಲೆ ಬೆರಳಿಟ್ಟು ಹುಡುಕಿದ.

"ಹಂಗಾರ ದಿನಕ್ಕ ಎರಡು ಚಮಚಾ ಕೊಡ್ರಿ."

ಸಾರಿನ ಸೌಟು ಎತ್ತಿದೆ. ಬಾಜೂಕ ಉಣ್ಣಾಕತ್ತವರು ನನ್ನ ರಟ್ಟಿ ಹಿಡಕೊಂಡರು. ಅವ ಚೀಲ ಅಪ್ಪಿಕೊಂಡು ಓಡಿದ. ರಸ್ತೆ ದಾಟಿ ನಿಂತು ತಿರುಗಿ ಹೇಳಿದ, ಬರೇ ಹೊಟ್ಟೀಲೆ ಕೊಡ್ರಿ ಅಂತ.

೬. ಚಾ

ತಪ್ಪಲ ಇಲ್ಲದ ತಾಟಿನ್ಯಾಗ ಗುಮಾಸ್ತರು ಐದು ತಿಂಗಳು ಸುಮ್ನ ಉಂಡರು. ಒಂದು ದಿನ ಕೇಳಿದರು, ತಪ್ಪಲ ಯಾಕ ಇಡವಲ್ಲಿ ಅಂತ. ನೀವೆಲ್ಲಿ ತಿಂತಿದ್ರಿ ಅಂದೆ.

"ತಿಂತಿದ್ದಿಲ್ಲ, ಖರೆ," ಅಂದರು. "ಬೈಸಿಕೊಂತಿದ್ದೆ. ಈಗ ಉಂಡದ್ದು ಕರಗವಲ್ದು."

ನಾ ಹಾರ್ಯಾಡಿದೆ. ತುಂಬಿದ ಖಾನಾವಳ್ಯಾಗ ಒದರಿದೆ. ತಪ್ಪಲ ಅಂತ, ಸತ್ವ ಅಂತ, ಎಲ್ಲಾ ಸುಳ್ಳು. ಇಪ್ಪತ್ತು ವರ್ಷ ದಿನಾ ತಿಂದ್ಲು ಆಕಿ. ಎದಿ ನಿಂತಿತೋ ಇಲ್ಲೋ?

ಮುದುಕಿ ಮಾರಾಟ ಮುಗಿಸಿ ನೀರು ಕುಡಿಯಾಕ ಬಂದು ಹೊಸ್ತಲದಾಗ ಕುಂತಿದ್ದಳು.

"ಯಾವಾಗ ತಿಂದ್ಲೋ ತಮ್ಮಾ? ನೀ ನೋಡಿದ್ದೇನು?"

ನೋಡಿದ್ದಿಲ್ಲ. ಎಲ್ಲಾರದೂ ಆದ ಮ್ಯಾಲೆ ಆಕಿ ಉಣ್ಣತಿದ್ದಳು. ಅಷ್ಟೊತ್ತಿಗೆ ನಾ ಉಂಡು ಅಡ್ಡಾಗತಿದ್ದೆ.

ಮುದುಕಿ ಹೇಳಿದಳು. ಆಕಿ ಕುಂಡರೂ ಹೊತ್ತಿಗೆ ಬುಟ್ಟ್ಯಾಗ ತಪ್ಪಲ ಉಳೀತಿದ್ದಿಲ್ಲಂತ. ಕಡೀ ಒಂದು ಹಿಡಿ ನನ್ನ ತಾಟಿಗೆ ಅಂತ ಮೊದಲ ಮುಚ್ಚಿ ಇಟ್ಟಿರತಿದ್ದಳಂತ. ಆಕಿ ರೊಟ್ಟಿಗೆ ಕೆಂಪು ಖಾರ ಹಚಗೊಂಡು ಉಂಡು ಏಳತಿದ್ದಳಂತ. ತಿಂದಿದ್ದರ ಉಳೀತಿದ್ಲು ಅಂತ ನಾ ಹೇಳೂದಿಲ್ಲ, ಅದು ಯಾರಿಗೂ ಗೊತ್ತಿಲ್ಲ ಅಂದಳು ಮುದುಕಿ. ಆದರ ಆಕಿ ತಿನ್ನದ ತಪ್ಪಲದ ಮ್ಯಾಲೆ ಅಪವಾದ ಹಾಕಬ್ಯಾಡ ಅಂದಳು.

ಈಗ ಒಂದು ಮಾತು ಬರೀಬೇಕು. ಬರಿಯಾಕ ನಾಚಿಕಿ. ನನಗ ಹಸಿ ತಪ್ಪಲ ಸೇರೂದಿಲ್ಲ. ಹುಟ್ಟಿದಾಗಿಂದ ಸೇರೂದಿಲ್ಲ. ಊರಿಗೆಲ್ಲ ಬಡಿಸೀನಿ. ಬಿಟ್ಟವರನ್ನ ನೋಡಿ ಹಲ್ಲು ಕಡದೀನಿ. ಆಕಿ ಮುಚ್ಚಿಟ್ಟ ಹಿಡಿ ತಪ್ಪಲ ಮಾತ್ರ ದಿನಾ ಆಕಿಗೆ ಕಾಣದಂಗ ಹಿತ್ತಲಕ್ಕ ಒಯ್ದು ಆಡಿಗೆ ಹಾಕೀನಿ. ಆಡು ಮಿಂಚಿದ್ದು ಗುಮಾಸ್ತರು ಬಿಟ್ಟದ್ದರಿಂದ ಅಷ್ಟ ಅಲ್ಲ.

ಆಕಿ ತನ್ನ ಪಾಲು ನನಗ ಇಟ್ಟಳು. ನಾ ಅದನ್ನ ಆಡಿಗೆ ಇಟ್ಟೆ. ಐದು ತಿಂಗಳು ಸಿಟ್ಟು ಹೊತಗೊಂಡು ತಿರುಗಿದ್ದೆ, ಮೇಡಂ ಮ್ಯಾಲೆ, ಪುಡಿ ಮಾರಾವನ ಮ್ಯಾಲೆ, ಮುದುಕಿ ಮ್ಯಾಲೆ. ಅದನ್ನ ಇಳಸೂ ಜಾಗಾ ಅವತ್ತು ಗೊತ್ತಾತು.

"ಆಕಿಗೆ ಗೊತ್ತಿದ್ದಿಲ್ಲ," ಅಂದೆ. ಮೆಲ್ಲಕ ಅಂದೆ.

"ಗೊತ್ತಿತ್ತು," ಅಂದಳು ಮುದುಕಿ. "ಕಟ್ಟಿ ಮ್ಯಾಲೆ ಕುಂತು ಇಬ್ಬರೂ ನಗತಿದ್ವಿ. ಇವ್ರು ತಿನ್ನೂದಿಲ್ಲ, ಆಡು ತಿಂತೈತಿ, ಆಡಿನ ಹಾಲು ಇವ್ರು ಕುಡೀತಾರ, ಸುತ್ತ ಹಾಕ್ಕೊಂಡಾದ್ರೂ ಹೊಟ್ಟೀಗೆ ಹೋಗ್ಲಿ ಬಿಡು, ಅಂತಿದ್ಲು."

ಖಾನಾವಳಿ ತುಂಬ ನಕ್ಕರು. ಗುಮಾಸ್ತರು ನೆತ್ತಿಗೆ ಹತ್ತಿ ಕೆಮ್ಮಿದರು. ನಾ ಒಳಗ ಹೋಗಿ ಒಲಿ ಮುಂದ ಸ್ವಲ್ಪ ಹೊತ್ತು ಕುಂತೆ. ಹೊಗಿ ಇದ್ದಿಲ್ಲ. ಕಣ್ಣು ಒರಿಸಿಕೊಂಡೆ.

ಮರುದಿನ ಎಲ್ಲಾ ತಾಟಿಗೂ ತಪ್ಪಲ ಇಟ್ಟೆ. ಮೊದಲ ನಾ ಒಂದು ಎಸಳು ಹಕ್ಕರಕಿ ತಿಂದೆ. ಇನ್ನೂ ಸೇರೂದಿಲ್ಲ. ತಿಂದೆ.

ಗುಮಾಸ್ತರು ಬಂದು ಕುಂತರು. ಮೂರು ರೊಟ್ಟಿ ಉಂಡರು. ಎಡಗೈ ಬೆರಳು ಮೆಲ್ಲಕ ತಪ್ಪಲದ ಕಡೆ ಬಂತು. ನಾ ಒಲಿ ಮುಂದಿಂದ ಹೇಳಿದೆ.

"ಸಾಹೇಬ್ರ, ಬಿಟ್ಟ್ರ ಬಿಡ್ರಿ. ನಾಳಿಂದ ನಿಮಗೂ ಆಡಿನ ಹಾಲಿನ ಚಾ."

ಗುಮಾಸ್ತರು ದಂಟು ಸೈತ ಬಿಡಲಿಲ್ಲ.