ಆಯ್ತು ಅಂದ ಮೇಲಿನ ಫೋಟೋ

ನನ್ನ ಸೋದರಮಾವ ಫೋಟೋ ತೆಗೆಯುವಾಗ ಸುಳ್ಳು ಹೇಳುತ್ತಾರೆ. ಬೇರೆ ಹೊತ್ತಿನಲ್ಲಿ ಅಂಥ ಪ್ರಾಮಾಣಿಕರು ಮಳವಳ್ಳಿ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಇನ್ನೊಬ್ಬರಿಲ್ಲ. ಆದರೆ ಕುತ್ತಿಗೆಗೆ ಕ್ಯಾಮೆರಾ ಬಿತ್ತೋ, ಮುಗಿಯಿತು! “ರೆಡಿ” ಎನ್ನುತ್ತಾರೆ. ನಾವು ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. “ಆಯ್ತು” ಎನ್ನುತ್ತಾರೆ. ನಾವು ಉಸಿರು ಬಿಟ್ಟು ಮೂಗು ಕೆರೆದುಕೊಳ್ಳುತ್ತೇವೆ. ಗುಂಡಿ ಒತ್ತುವುದು ಆಗ!

ಯಾಕೆ ಮಾವ ಎಂದರೆ, “ರೆಡಿ ಅಂದಾಗ ಎಲ್ರೂ ಆಧಾರ್ ಕಾರ್ಡ್‌ನಂಗೆ ನಿಂತ್ಕತ್ತರೆ ಕಣವ್ವ. ಆಯ್ತು ಅಂದ್ಮೇಕೆ ಮನ್ಸ್ರಾಯ್ತರೆ.”

ಮದ್ದೂರಿನಲ್ಲಿ ಒಮ್ಮೆ ಅಕ್ಕಿ ಗಿರಣಿ ಯಂತ್ರಗಳ ಪ್ರದರ್ಶನ. ಮುಖ್ಯ ಅತಿಥಿಗಳು ಟೇಪು ಕತ್ತರಿಸಿದರು. “ಆಯ್ತು ಸಾ” ಎಂದರು ಮಾವ. ಅತಿಥಿಗಳು ನೆಮ್ಮದಿಯಿಂದ ಅದೇ ಕತ್ತರಿಯ ತುದಿಯಲ್ಲಿ ಕಿವಿ ಕೆರೆದುಕೊಂಡರು. ಆಯೋಜಕರ ಕೈಸೇರಿದ್ದು ಆ ಫೋಟೋ. “ಇದ್ರಲ್ಲಿ ನೆಟ್ಟಗೆ ನಿಂತಿರೋದು ಮಿಸಿನ್ ಒಂದೇ ಕಣಯ್ಯ!” ಎಂದು ಅವರು ಹಣೆ ಚಚ್ಚಿಕೊಂಡರು.

ಮಾವನ ಮನೆಯಲ್ಲೂ ಪ್ರಯೋಗಗಳೇ. ಬಿಸಿ ಮುದ್ದೆಯ ಹಬೆ ಫೋಟೋದಲ್ಲಿ ಬರಬೇಕೆಂದು ಅತ್ತೆಯ ಕೈಗೆ ಸ್ಟೀಲ್ ಪರಾತ ಕೊಟ್ಟು, ಕಿಟಕಿಯ ಬೆಳಕನ್ನು ಮುದ್ದೆಯ ಮೇಲೆ ಬೀಳಿಸುವಂತೆ ನಿಲ್ಲಿಸಿದ್ದರು. ನಾವೆಲ್ಲ ಹಸಿದು ಕೂತಿದ್ದೆವು.

“ಮುದ್ದೆಗೆ ಪೋಟ, ಮುದ್ದೆ ಕಟ್ಟಿದೋಳ್ಗೆ ಇಲ್ವಾ?” ಎಂದರು ಅತ್ತೆ.

“ನೀ ಬೋ ಅಲ್ಲಾಡ್ತೀಯ ಕಣಮ್ಮಿ. ಮುದ್ದೆ ಸುಮ್ಕೆ ಕೂತ್ಕತದೆ.”

ಹೀಗೆ ನಗುತ್ತಲೇ ಇದ್ದೆವು, ನನ್ನ ಮದುವೆಯವರೆಗೆ. ಕೊತ್ತತ್ತಿಯ ನಮ್ಮ ಮನೆಯಲ್ಲಿ ಬೀಗರ ಮುಂದೆ ಆಲ್ಬಂ ತೆರೆದಾಗ, ಧಾರೆ ಎರೆದ ಮೇಲೆ ಮಾವ ತೆಗೆದಿದ್ದ ಫೋಟೋದಲ್ಲಿ ಅಪ್ಪ ಬಾಯಿ ತೆರೆದು ಆಕಳಿಸುತ್ತಿದ್ದರು. ಬೀಗರು ನಕ್ಕರು. ಅಪ್ಪ ನಗಲಿಲ್ಲ.

“ನಮ್ಮನೆ ಮರ್ವಾದೆ ತೆಗೆಯಕ್ಕೆ ಕ್ಯಾಮ್ರಾ ತಂದಿದ್ದೇನ್ಲಾ?”

ಮಾವ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದುಹೋದರು. ಅಂದಿನಿಂದ ಬಾವ ಬಾಮೈದರ ನಡುವೆ ಮಾತು ನಿಂತಿತು. ಮಾವ ಬಂದರೆ ಅಪ್ಪ ನಾಲೆಯ ಕಡೆ ನಡೆಯುತ್ತಿದ್ದರು. ಅವ್ವ ಆಲ್ಬಂ ಅನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು, ತಮ್ಮನ ಸುದ್ದಿಯನ್ನು ಗಂಡನ ಮುಂದೆ ಎತ್ತುವುದನ್ನೇ ಬಿಟ್ಟಳು.

ಅಷ್ಟರಲ್ಲಿ ಊರಿನಲ್ಲಿ ಪೌರಾಣಿಕ ನಾಟಕ. ಹಗಲು ಪ್ರದರ್ಶನ, ಅಪ್ಪನಿಗೆ ರಾಜನ ಪಾತ್ರ. ನಮ್ಮ ಕಡೆ ಒಂದು ಪದ್ಧತಿ ಇದೆ. ರಾಜ ಎಷ್ಟೇ ಕೋಪದಲ್ಲಿರಲಿ, ನೆಂಟರು ಹಾರ ಹಿಡಿದು ವೇದಿಕೆ ಹತ್ತಿದರೆ ಕೋಪವನ್ನು ನಿಲ್ಲಿಸಿ, ಹಾರ ಹಾಕಿಸಿಕೊಂಡು, ಫೋಟೋಗೆ ನಿಂತು, ಬಿಟ್ಟಲ್ಲಿಂದ ಮತ್ತೆ ಕೋಪಿಸಿಕೊಳ್ಳಬೇಕು! ಬಾಮೈದನ ಹಾರ ಬೀಳದಿದ್ದರೆ ಊರು ಕೇಳುತ್ತದೆ. ಆ ಬಾಮೈದನನ್ನೇ ನಾಟಕದವರು ಫೋಟೋ ತೆಗೆಯಲು ಗೊತ್ತುಮಾಡಿದ್ದರು.

ಬೇರೆಯವರ ಹಾರಗಳೆಲ್ಲ ಬಿದ್ದವು. ಪ್ರತಿ ಹಾರ ಬಿದ್ದಾಗಲೂ ಅಪ್ಪನ ಕಣ್ಣು ಕೆಳಗೆ ನಿಂತಿದ್ದ ಮಾವನ ಕಡೆ ಹೋಗಿ ಬರುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ರಾಜ ಗದೆ ಎತ್ತಿ ಶತ್ರುವಿನ ವಂಶವನ್ನೇ ಅಳಿಸುವ ಶಪಥ ಮಾಡುತ್ತಿದ್ದಾಗ, ಮಾವ ಕ್ಯಾಮೆರಾ ತೆಗೆದು ನನ್ನ ಕೊರಳಿಗೆ ಹಾಕಿದರು. “ಇಡ್ಕೊ ಕಣವ್ವ.”

ಅವರ ಚೀಲದಿಂದ ಸೇವಂತಿಗೆ ಹಾರ ಹೊರಬಂತು. ಮೊದಲೇ ತಂದಿದ್ದರು!

ಮಾವ ವೇದಿಕೆ ಹತ್ತಿದರು. ಹಾರ್ಮೋನಿಯಂ ನಿಂತಿತು. ಹಾರ ಬಿತ್ತು. ಇಬ್ಬರೂ ಒಂದು ಮೊಳ ದೂರದಲ್ಲಿ ಲೈಟು ಕಂಬಗಳಂತೆ ನಿಂತರು.

“ಬೇಗ ತೆಗಿಯವ್ವ, ಡೈಲಾಗ್ ಮರ್ತೋಯ್ತದೆ!” ಎಂದರು ಅಪ್ಪ.

“ರೆಡಿ” ಎಂದೆ. ಇಬ್ಬರೂ ಇನ್ನಷ್ಟು ಬಿಗಿದುಕೊಂಡರು. ಗುಂಡಿ ಒತ್ತಲಿಲ್ಲ. “ಆಯ್ತು” ಎಂದುಬಿಟ್ಟೆ.

ಜೀವಮಾನವಿಡೀ ಆ ಸುಳ್ಳು ಹೇಳಿದ ಮಾವನೇ ಅದನ್ನು ನಂಬಿದರು! ಅಪ್ಪ ಗದೆ ಇಳಿಸಿದರು. ಕಿರೀಟ ಜಾರಿತು. ಮಾವನ ಕೈ ತಾನಾಗಿ ಅದನ್ನು ಹಿಡಿಯಿತು. ಅಪ್ಪ, ತಲೆ ಬಾಚಿಸಿಕೊಳ್ಳುವ ಮಗುವಿನಂತೆ, ಬಗ್ಗಿ ತಲೆ ಕೊಟ್ಟರು.

ಆಗ ಒತ್ತಿದೆ.

ಆ ಫೋಟೋ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. “ಕಿರೀಟ ಓರೆ ಅದೆ” ಎಂದು ಅಪ್ಪ ಬಂದವರಿಗೆಲ್ಲ ದೂರುತ್ತಾರೆ. “ನಾ ಇಡ್ಕಂಡಿವ್ನಲ್ಲ ಬಾವ” ಎನ್ನುತ್ತಾರೆ, ಪಕ್ಕದಲ್ಲೇ ಕಾಫಿ ಕುಡಿಯುತ್ತಿರುವ ಮಾವ.

ಫೋಟೋ ಸ್ವಲ್ಪ ಅಲುಗಿದೆ. “ಕೈ ಯಾಕವ್ವ ನಡುಗ್ತು?” ಎಂದು ಮಾವ ಕೇಳಿದರು.

“ಕ್ಯಾಮೆರಾ ಭಾರ ಇತ್ತು ಮಾವ” ಎಂದೆ.

ಫೋಟೋ ವಿಷಯದಲ್ಲಿ ಸುಳ್ಳು ಹೇಳುವವರು ಈಗ ನಮ್ಮ ಮನೆಯಲ್ಲಿ ಇಬ್ಬರು.