ಚಹಾ ಡಬ್ಬಿಯೂ ಕರ್ನಲ್ ಡ್ರೈವರೂ

ಬೇರೆಯವರಿಗೆ ಶಿಸ್ತು ಕಲಿಸಿ ಹೊಟ್ಟೆ ಹೊರೆಯುವವರ ಮನೆಯಲ್ಲಿ ಶಿಸ್ತು ಹುಡುಕಬಾರದು. ನನ್ನದೂ ಅಂಥದೇ ಕಸುಬು. ಇಳಕಲ್ಲಿನ ಮನೆಯಲ್ಲೇ ಕುಳಿತು ಕರ್ನಲ್ ಡ್ರೈವರ್, ಅಂದರೆ ಕಂಪ್ಯೂಟರಿನ ಸಾಧನಗಳನ್ನು ಶಿಸ್ತಿನಲ್ಲಿಡುವ ತಂತ್ರಾಂಶ, ಬರೆಯುತ್ತೇನೆ. ಕಂಪ್ಯೂಟರಿಗೆ ಕ್ಯಾಮೆರಾವನ್ನೋ ಇನ್ನೊಂದನ್ನೋ ಸಿಕ್ಕಿಸಿದರೆ ಅದು ಕಂಡಕಂಡಲ್ಲಿ ಮೆಮೊರಿಗೆ ಕೈ ಹಾಕುವಂತಿಲ್ಲ. ನಡುವೆ ಯಜಮಾನಿಯಂಥ ಒಂದು ಘಟಕ ಇರುತ್ತದೆ. ಮೊದಲು ಸಾಧನವನ್ನು ಅದಕ್ಕೆ ಜೋಡಿಸಬೇಕು. ಸಾಧನ ಕೇಳುವ ವಿಳಾಸವೇ ಬೇರೆ, ಸರಕು ನಿಜವಾಗಿ ಇರುವ ಜಾಗವೇ ಬೇರೆ. ಯಾವುದು ಎಲ್ಲಿ ಎಂಬುದು ಆ ಯಜಮಾನಿಗಷ್ಟೇ ಗೊತ್ತು.

ಹೊಸದಾಗಿ ಮದುವೆಯಾಗಿ ಬಂದ ಹೆಂಡತಿ ಗಿರಿಜಾಗೆ ಇದನ್ನು ದೊಡ್ಡದಾಗಿ ವಿವರಿಸಿದೆ. "ಅತ್ತಿಯವರ ಅಡಗಿಮನಿ ಅನ್ರಿ," ಎಂದಳು. ಸುಳ್ಳಲ್ಲ. ನಮ್ಮವ್ವನ ಡಬ್ಬಿಗಳಲ್ಲಿ 'ಅವಲಕ್ಕಿ' ಎಂದು ಬರೆದದ್ದರಲ್ಲಿ ತೊಗರಿಬೇಳೆ, 'ಜೀರಿಗೆ'ಯಲ್ಲಿ ಅಂಗಿಯ ಗುಂಡಿ. ಏನು ಬೇಕಾದರೂ ಅವ್ವನನ್ನೇ ಕೇಳಬೇಕು.

ಅವ್ವ ತನ್ನ ತಂಗಿಯನ್ನು ನೋಡಲು ಬಾದಾಮಿಗೆ ಹೋದ ದಿನವೇ ಬಾಗಲಕೋಟೆಯಿಂದ ಮಾವ ಬಂದರು, ಮದುವೆಯ ನಂತರ ಮೊದಲ ಸಲ. ಮಗಳು ಮನೆ ಹೇಗೆ ನಡೆಸುತ್ತಾಳೆಂದು ನೋಡಿಕೊಂಡು ಹೋಗಿ ಊರಲ್ಲಿರುವ ನನ್ನ ಅತ್ತೆಗೆ ವರದಿ ಒಪ್ಪಿಸಬೇಕಾದವರು. ಗಿರಿಜಾ ಗಾಬರಿಯಾಗಿದ್ದಳು.

"ಚಹಾಪುಡಿ ಎಲ್ಲೈತೋ ಏನೋ. ತಡೀರಿ, ಅತ್ತಿಯವರಿಗೆ ಫೋನ್ ಮಾಡ್ತೇನಿ."

"ಈ ಮನ್ಯಾಗ ಹುಟ್ಟಿದಾಂವ ನಾ. ನೀ ನಿಮ್ಮಪ್ಪನ ಕೂಡ ಮಾತಾಡು ಹೋಗು, ಚಹಾ ನಾ ಮಾಡ್ತೇನಿ," ಎಂದೆ.

'ಚಹಾ' ಎಂದು ಬರೆದ ಡಬ್ಬಿಯಲ್ಲಿ ಕಪ್ಪನೆಯ ಪುಡಿಯೇ ಇತ್ತು. ನೆಗಡಿಯಿಂದ ನನ್ನ ಮೂಗು ಕಟ್ಟಿತ್ತು. ಕುದಿಸಿ, ಸೋಸಿ, ಹೆಮ್ಮೆಯಿಂದ ಕೊಟ್ಟೆ. ಮಾವ ಒಂದು ಗುಟುಕು ಕುಡಿದರು. ಕಣ್ಣಲ್ಲಿ ನೀರು ಬಂತು. ಬೀಗರ ಮನೆ, ಉಗುಳುವಂತಿಲ್ಲ.

"ಕಷಾಯ ಛಲೋ ಆಗೇತ್ರಿ. ಬಳ್ಳೊಳ್ಳಿನೂ ಹಾಕೀರೇನು?"

ಗಿರಿಜಾಳ ಮುಖ ಬಿಳಿಚಿತು. ಸೀದಾ ಫೋನ್ ಹಚ್ಚಿದಳು. ಅವ್ವನ ದನಿ ಪಡಸಾಲೆಗೆಲ್ಲ ಕೇಳಿತು: "ಅದರಾಗ ರೊಟ್ಟಿಗೆ ಹಚ್ಕೊಳ್ಳೋ ಖಾರದ ಗುರೆಳ್ಳ ಹಿಂಡಿ ಐತಿ! ಚಹಾಪುಡಿ ರವಾ ಡಬ್ಬ್ಯಾಗ. ಮುಟ್ಟಿದಾಂವ ಅಂವನ ಹೌದಿಲ್ಲೋ? ಅಂವನ್ನ ಅಡಗಿಮನಿಯೊಳಗ ಯಾಕ ಬಿಟ್ಟಿ, ಯವ್ವಾ?"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳ ಮಾನ ಉಳಿಯಿತು, ಅಳಿಯನದು ಹೋಯಿತು. ನನಗೆ ನಾಚಿಕೆಯಾದರೂ ಗಿರಿಜಾ ನಕ್ಕದ್ದು ಕಂಡು ಜೀವ ಬಂತು.

ಬಾದಾಮಿಯಿಂದ ಬಂದ ಅವ್ವ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಬ್ಬಿಗಳ ಗುಟ್ಟನ್ನೆಲ್ಲ ಹೇಳಿಕೊಟ್ಟಳು. ಆಮೇಲೆ ಇಬ್ಬರೂ ಸೇರಿ ಎಲ್ಲವನ್ನೂ ಅದಲುಬದಲು ಮಾಡಿದರು. ಮಾವ ಅಮೀನಗಡದಲ್ಲಿ ಇಳಿದು ನನಗೆಂದೇ ತಂದ ಕರದಂಟು ಎಲ್ಲಿದೆಯೋ ಇವತ್ತಿಗೂ ತಿಳಿಯದು. "ಕೇಳಿ ತಿನ್ರಿ," ಎನ್ನುತ್ತಾಳೆ ಗಿರಿಜಾ.

ಆದರೂ ನನ್ನ ತಲೆ ಕಡಿಮೆಯದಲ್ಲ. ನಿನ್ನೆ ಇಬ್ಬರೂ ಹೊರಗೆ ಹೋದಾಗ, ಈ ಮನೆಯಲ್ಲಿ 'ಉಪ್ಪು' ಎಂದು ಬರೆದಿದ್ದರೆ ಒಳಗಿರುವುದು ಖಂಡಿತ ಸಕ್ಕರೆ ಎಂದು ತರ್ಕ ಮಾಡಿ, ಚಹಾಕ್ಕೆ ಎರಡು ಚಮಚ ಹಾಕಿಕೊಂಡೆ. ಉಪ್ಪೇ ಇತ್ತು.