ಪಂಪಿಲ್ಲದ ನೀರು

ಎಂಬತ್ತೇಳರ ಬೇಸಿಗೆಯಲ್ಲಿ, ಹೈದರಾಬಾದಿನ ಒಂದು ಪ್ರಯೋಗಾಲಯದವರು ಅತಿಥಿಗೃಹದ ಎಸಿಗಳಿಗೆ ಸಾಲದೆಂದು ಕಾರ್ಮಿಕರ ಕಾಲೊನಿಯ ಕರೆಂಟನ್ನು ಹಗಲಿಡೀ ತೆಗೆದರು.

ಕೇಳಲು ಹೋದ ಫಿಟ್ಟರ್ ವೈಜನಾಥನಿಗೆ ಮೈಸೂರು ಕಡೆಯ ಡೈರೆಕ್ಟರ್ ರಾಮಕೃಷ್ಣ, "ದೆಹಲಿಯವರ ಮುಂದೆ ಡೆಮೊ ಗೆಲ್ಲಿಸಿ, ಸಂಜೆಗೇ ಲೈನು ವಾಪಸ್" ಎಂದಿದ್ದರು.

ಡೆಮೊ ದಿನ ಬೆಳಿಗ್ಗೆ, ಬಾಣಂತಿ ಮಗಳಿಗೆ ಗಾಳಿ ಬೀಸುತ್ತಲೇ ಹೆಂಡತಿ ಶಿವದೇವಿ ಹೇಳಿದಳು: "ಗೆದ್ದ ಬರ್ರಿ. ಕೂಸಿನ ಮೈತುಂಬಾ ಬೆವರುಗುಳ್ಳಿ, ಜ್ವಾಳದ ತೆನಿ ಆಗೈತಿ."

ಅಣು ರಿಯಾಕ್ಟರನ್ನು ನಿಲ್ಲಿಸಿದರೂ ಅದರ ಒಡಲ ಕಾವು ಬೇಗ ಆರದು. ಕರೆಂಟು ಹೋದರೆ ಪಂಪೂ ಸತ್ತಂತೆ. ಆಗ ಬಿಸಿನೀರು ತಾನೇ ಮೇಲೇರಿ, ತೊಟ್ಟಿಯಲ್ಲಿ ತಣಿದು, ತಾನೇ ಕೆಳಗಿಳಿಯಬೇಕು. ವೈಜನಾಥ ಕಟ್ಟಿದ ಗಾಜಿನ ಕೊಳವೆಗಳ ಮಾದರಿ ಅದನ್ನೇ ತೋರಿಸಬೇಕಿತ್ತು. ರಿಯಾಕ್ಟರಿನ ವೇಷ ಕಟ್ಟಿದ್ದು ಒಂದು ಕಾದ ಕಬ್ಬಿಣದ ದಿಮ್ಮಿ.

ಆದರೆ ಹೆಡ್ ಕ್ಲಾರ್ಕ್ ಅಮರೇಶಪ್ಪ ಚೆಂದ ಕಾಣಲೆಂದು ತೊಟ್ಟಿಯನ್ನು ನೆಲಕ್ಕಿಳಿಸಿ ಹೂಮಾಲೆ ಹಾಕಿದ್ದ.

"ಮ್ಯಾಲೆ ಇದ್ರನ ನೀರು ತಿರಗ್ತದೋ ಯಪ್ಪಾ!" ಎಂದು ವೈಜನಾಥ ಅದನ್ನು ಹೊತ್ತು ಏಣಿ ಹತ್ತಿದ. ಇಳಿಯುವಷ್ಟರಲ್ಲಿ ಗೆಳೆಯ ಮಲ್ಲಣ್ಣ ಕೊಳವೆಗೆ ಗುಲಾಬಿ ಶರಬತ್ತು ಸುರಿದಾಗಿತ್ತು.

"ಏನ್ ಮಾಡಿದ್ಯೋ ಹುಚ್ಚಾ?"

"ಬಣ್ಣ ಇಲ್ದ ನೀರು ದಿಲ್ಲಿ ಸಾಹೇಬ್ರಿಗೆ ಹೆಂಗ ಕಾಣ್ತೈತಿ?"

ಅಷ್ಟರಲ್ಲಿ ದೆಹಲಿಯವರು ಬಂದೇಬಿಟ್ಟರು. ಮೇನ್ ಸ್ವಿಚ್ ಇಳಿಯಿತು. ಪಂಪು ನಿಂತಿತು, ಫ್ಯಾನು ನಿಂತಿತು, ನೀರೂ ನಿಂತಿತು, ವೈಜನಾಥನ ಉಸಿರೂ.

ಆಮೇಲೆ, ನಿದ್ದೆಯಲ್ಲಿ ಮಗು ಹೊರಳಿದಂತೆ, ಕೆಂಪು ಎಳೆಯೊಂದು ಮೆಲ್ಲಗೆ ಅಲುಗಿತು. ಯಾರೂ ತಳ್ಳದೆ ಏರಿತು, ತೊಟ್ಟಿಯಲ್ಲಿ ಮೋಡದಂತೆ ತೇಲಿತು, ಇನ್ನೊಂದು ಕೊಳವೆಯಲ್ಲಿ ಜಾರಿತು. ಗುಲಾಬಿಯ ಗಮಲು, ಸೆಕೆಯ ಜೊಂಪು. ಸಾಹೇಬರೆಲ್ಲ ಬಾಯಿ ತೆರೆದು ತೂಕಡಿಸಿದರು. ವೈಜನಾಥನಿಗೆ ತಾನೂ ಆ ನೀರಿನೊಂದಿಗೆ ಸುತ್ತುತ್ತಿರುವಂತೆ ಅನ್ನಿಸಿತು. ಎಚ್ಚರಾದಾಗ ದಿಮ್ಮಿ ತಣ್ಣಗಿತ್ತು. ಚಪ್ಪಾಳೆಯೋ ಚಪ್ಪಾಳೆ!

ಸಂಜೆ ಅವನು ಹಿಗ್ಗುತ್ತ ಡೈರೆಕ್ಟರರ ಕೋಣೆಗೆ ಹೋದ. "ಲೈನು, ಸಾಹೇಬ್ರ?"

"ಇನ್ನು ಲೈನ್ ಯಾಕ್ರೀ? ಕರೆಂಟಿಲ್ಲದೆ ತಂಪು ಮಾಡಬಹುದು ಅಂತ ನೀವೇ ತೋರಿಸಿದ್ರಲ್ಲ! ದೆಹಲಿಯವರು ಕುಣಿದುಬಿಟ್ರು. ಕಾಲೊನಿಯ ಮನೆಮನೆಗೂ ತೊಟ್ಟಿ, ಪೈಪು. ಇನ್ನು ರಾತ್ರಿ ಕರೆಂಟನ್ನೂ ತೆಗೆದು ಉಳಿಸಬಹುದು!"

"ಅದು ರಿಯಾಕ್ಟರಿಗ್ರೀ, ಕೂಸಿಗಲ್ಲ! ಈ ಬ್ಯಾಸಿಗ್ಯಾಗ ಮಾಳಿಗಿ ಮ್ಯಾಲಿನ ತೊಟ್ಟಿ ನೀರಾಗ ಬ್ಯಾಳಿ ಬೇಯ್ತಾವ."

"ತತ್ತ್ವ ಒಂದೇ ಅಲ್ವಾ? ಹೋಗಿ, ನಿಮ್ಮವರಿಗೆ ನೀವೇ ಸಿಹಿ ಸುದ್ದಿ ಹೇಳಿ. ನಿಮ್ಮ ಮಾತಾದ್ರೆ ನಂಬ್ತಾರೆ."

ವೈಜನಾಥ ಎಸಿಯ ಕೆಳಗಿನ ಕುರ್ಚಿಯನ್ನು ಎಳೆದುಕೊಂಡು ಕೂತ.

"ನಾ ಹೇಳಂಗಿಲ್ರಿ," ಎಂದ. "ಹೋಗಂಗೂ ಇಲ್ಲ."